ಧಾರಾವಾಹಿ ಮುಗಿಸುವವರು ಯಾರು? (ಹಿಂದಿ ಕಿರುತೆರೆಯ 2008)



ಹಿಂದಿ ಕಿರುತೆರೆಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ 2000ದ ಜುಲೈ 3ರಿಂದ ಶುರುಮಾಡುತ್ತಾರೆ. ಸ್ಟಾರ್ ಪ್ಲಸ್‌ನಲ್ಲಿ ‘ಕೌನ್ ಬನೇಗಾ ಕರೋಡ್‌ಪತಿ’, ‘ಕ್ಯೋಂಕಿ ಸಾಸ್ ಭಿ ಕಭಿ ಬಹೂ ಥಿ’ ಎರಡೂ ಅಂದೇ ಆರಂಭವಾದವು. ನಾನು ಆರಿಸಿಕೊಂಡಿರುವುದು 2008. ಆರಂಭಗಳಿಗೆ ಆ ವರ್ಷ ಬರವೇನಿರಲಿಲ್ಲ. ಆದರೆ ಒಂದು ಧಾರಾವಾಹಿಯನ್ನು ಮುಗಿಸುವ ಹಕ್ಕು ಯಾರದು ಎಂಬುದು ಬಯಲಿಗೆ ಬಂದದ್ದು ಆಗಲೇ.

ಜನವರಿಯಲ್ಲಿ ಎನ್‌ಡಿಟಿವಿ ಇಮ್ಯಾಜಿನ್ ಹೊಸ ‘ರಾಮಾಯಣ’ದೊಂದಿಗೆ ಬಂತು. ಏಪ್ರಿಲ್ 18ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐಪಿಎಲ್ ಶುರುವಾಯಿತು. ಆ ಮೊದಲ ಪಂದ್ಯದಲ್ಲಿ ಮೆಕಲಮ್ ಹೊಡೆದ 158 ರನ್ ಎಲ್ಲರಿಗೂ ನೆನಪಿದೆ. ಅತ್ತೆ-ಸೊಸೆಯರ ಹೊತ್ತಾಗಿದ್ದ ರಾತ್ರಿ ಎಂಟರ ಮೇಲಿನ ಸಮಯಕ್ಕೆ ಒಂದೂವರೆ ತಿಂಗಳು ಕ್ರಿಕೆಟ್ ಪಾಲುದಾರನಾದದ್ದನ್ನು ನೆನೆಯುವವರು ಕಡಿಮೆ. ಮನೆಗೊಂದೇ ರಿಮೋಟ್ ಇದ್ದ ಕಾಲ; ಜಗಳ ಎಲ್ಲಿ ನಡೆದಿರಬಹುದೆಂದು ನಿಮಗೆ ಗೊತ್ತು.

ಜುಲೈ 21ಕ್ಕೆ ವಯಾಕಾಮ್ ಮತ್ತು ನೆಟ್‌ವರ್ಕ್ 18 ಸೇರಿ ಕಲರ್ಸ್ ವಾಹಿನಿ ತೆರೆದವು. ವಾರ ಕಳೆದು 28ರಂದು ಸಬ್ ಟೀವಿಯಲ್ಲಿ ‘ತಾರಕ್ ಮೆಹ್ತಾ ಕಾ ಉಲ್ಟಾ ಚಷ್ಮಾ’ ಬಂತು. ಕಲರ್ಸ್‌ನ ಗೆಲುವಿನ ಕುದುರೆ ‘ಬಾಲಿಕಾ ವಧು’. ಅಲ್ಲಿ ಮುಂಬೈಯ ಬಂಗಲೆ, ಬಿಸಿನೆಸ್ ಮನೆತನ ಇರಲಿಲ್ಲ. ರಾಜಸ್ಥಾನದ ಹಳ್ಳಿ, ಹಸೆಮಣೆಯ ಮೇಲೆ ಕೂತ ಪುಟ್ಟ ಆನಂದಿ, ಮಾತಿನಲ್ಲೇ ಮನೆಯನ್ನು ಹಿಡಿತದಲ್ಲಿಟ್ಟ ಅಜ್ಜಿ. ಆ ದಾದಿಸಾ ಪಾತ್ರದ ಸುರೇಖಾ ಸಿಕ್ರಿ ಎದುರು ಉಳಿದವರ ನಟನೆ ಸಪ್ಪೆಯಾಗುತ್ತಿತ್ತು. ಕಂತಿನ ಕೊನೆಗೆ ತೆರೆಯ ಮೇಲೆ ನೀತಿಯ ಒಂದೆರಡು ಸಾಲು ಮೂಡುತ್ತಿದ್ದವು. ಮರುವರ್ಷ ಸಂಸತ್ತಿನಲ್ಲೂ ಧಾರಾವಾಹಿಯ ಬಗ್ಗೆ ಆಕ್ಷೇಪ ಎದ್ದಿತು. ಅದರಲ್ಲಿ ಹುರುಳಿತ್ತು ಎಂದೇ ನನ್ನ ಅಭಿಪ್ರಾಯ. ಬಾಲ್ಯವಿವಾಹದ ಪಿಡುಗಿನ ಖಂಡನೆ ಕೊನೆಯ ಕೆಲವು ಕ್ಷಣ; ಅದಕ್ಕೆ ಮುಂಚಿನದೆಲ್ಲ ಮುದ್ದು ಮದುಮಗಳ ಬಳೆ, ಲಂಗ, ತುಂಟಾಟ.

ಕನ್ನಡದಲ್ಲಿ ಡಬ್ಬಿಂಗ್‌ಗೆ ಚಿತ್ರೋದ್ಯಮ ಒಪ್ಪದಿದ್ದ ದಿನಗಳವು. ಹಾಗಾಗಿ ಆನಂದಿ 2012ರ ಕೊನೆಗೆ ಈಟಿವಿ ಕನ್ನಡಕ್ಕೆ ‘ಪುಟ್ಟಗೌರಿ ಮದುವೆ’ಯಾಗಿ, ರೀಮೇಕ್ ರೂಪದಲ್ಲಿ ಬಂದಳು. 2015ರಲ್ಲಿ ಆ ವಾಹಿನಿಯೇ ಕಲರ್ಸ್ ಕನ್ನಡ ಆಯಿತು.

ಇನ್ನು ಮುಕ್ತಾಯಗಳು. ಅಕ್ಟೋಬರ್ 9ಕ್ಕೆ ‘ಕಹಾನಿ ಘರ್ ಘರ್ ಕಿ’, ನವೆಂಬರ್ 6ಕ್ಕೆ ‘ಕ್ಯೋಂಕಿ’ ನಿಂತವು. ‘ಕ್ಯೋಂಕಿ’ 1,800 ಕಂತು ದಾಟಿತ್ತು. ಕಥೆ ಮುಗಿಯಿತು ಎನ್ನುವಂತಿಲ್ಲ, ಏಕೆಂದರೆ ಅದಕ್ಕೆ ಮುಗಿಯುವ ಅಭ್ಯಾಸವೇ ಇರಲಿಲ್ಲ. ಸತ್ತ ನಾಯಕ ಮಿಹಿರ್ ಎದ್ದುಬಂದ. ಕಾಲ ಒಂದೇ ನೆಗೆತಕ್ಕೆ 20 ವರ್ಷ ದಾಟಿದರೂ, ಮೊದಲ ದಿನವೇ ಮುದುಕಿಯಾಗಿದ್ದ ಮನೆಯ ಹಿರಿಯಜ್ಜಿ ಬಾ ಗಟ್ಟಿಯಾಗಿಯೇ ಇದ್ದರು. ಮುಗಿದದ್ದು ಟಿಆರ್‌ಪಿ. ಅದನ್ನು ನಿರ್ಮಿಸುತ್ತಿದ್ದ ಬಾಲಾಜಿ ಸಂಸ್ಥೆಯಲ್ಲಿ ಸ್ಟಾರ್ 2004ರಲ್ಲಿ ಪಾಲು ಕೊಂಡಿತ್ತು. ಆ ನಂಟೂ 2008ರ ಹೊತ್ತಿಗೆ ಸಡಿಲಾಗಿತ್ತು. ವಾಹಿನಿ ನಿಲ್ಲಿಸಿ ಎಂದಿತು, ನಿರ್ಮಾಪಕರು ಕೋರ್ಟಿಗೂ ಹೋದರು. ಬರೆಯುವವರನ್ನು ಯಾರೂ ಕೇಳಿದಂತಿಲ್ಲ. ವಾಹಿನಿಗೆ ಬೇಕೆನಿಸಿದಾಗ, 2025ರ ಜುಲೈ 29ರಂದು, ರಾತ್ರಿ ಅದೇ 10.30ಕ್ಕೆ ನಾಯಕಿ ತುಳಸಿ ಮರಳಿದಳು.

ವಾಹಿನಿಯ ಮಾತೇ ಕೊನೆಯದು ಎಂದುಕೊಳ್ಳುವಷ್ಟರಲ್ಲಿ, ‘ಕ್ಯೋಂಕಿ’ ನಿಂತ ನಾಲ್ಕೇ ದಿನಕ್ಕೆ, ನವೆಂಬರ್ 10ರಿಂದ ಮುಂಬೈಯ ಸಿನಿಮಾ-ಟೀವಿ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿ ಏರಬೇಕು, ಹೊತ್ತಿಗೆ ಸರಿಯಾಗಿ ಕೈಸೇರಬೇಕು, ದುಡಿಮೆಗೆ ಗಂಟೆಯ ಮಿತಿ ಬೇಕು ಎಂಬುದು ಬೇಡಿಕೆ. ಇಂದು ಶೂಟಿಂಗ್, ನಾಳೆ ಪ್ರಸಾರ ಎಂಬ ಲೆಕ್ಕದಲ್ಲಿ ನಡೆಯುವ ಡೈಲಿ ಸೀರಿಯಲ್‌ಗೆ ಕಂತುಗಳ ಬ್ಯಾಂಕಿಂಗ್, ಅಂದರೆ ಮೊದಲೇ ತಯಾರಿಸಿಟ್ಟ ಕಂತುಗಳ ದಾಸ್ತಾನು, ಎಲ್ಲಿಂದ ಬರಬೇಕು? ಒಂದು ವಾರಕ್ಕೂ ಹೆಚ್ಚು ಕಾಲ ದೊಡ್ಡ ವಾಹಿನಿಗಳು, ಮೂರು ತಿಂಗಳ ಕೂಸು ಕಲರ್ಸ್ ಸಹಿತ, ಹಳೆಯ ಕಂತುಗಳನ್ನೇ ತಿರುಗಿ ಹಾಕಿದವು. ಲೈಟು ಹಿಡಿಯುವವರು, ಸೆಟ್ ಹಾಕುವವರು ಕೆಲಸಕ್ಕೆ ಮರಳಿದ ಮೇಲೆಯೇ ಆನಂದಿಯ ಮುಂದಿನ ಕಥೆ ಜನರಿಗೆ ಗೊತ್ತಾದದ್ದು.