ಕಚ್ಚಿನ ಸೂಜಿ ಮತ್ತು ನಮ್ಮ ಕುರಿ ಉಣ್ಣೆ
(ಸಂಘದ ಬೆಳ್ಳಿಹಬ್ಬದ ಅಂಗವಾಗಿ ಮಹಿಳಾ ಸದಸ್ಯರಿಗೆ ಏರ್ಪಡಿಸಿದ್ದ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕುರಿ ಸಾಕುವವರೂ ಕಂಬಳಿ ನೇಯುವವರೂ ಒಂದಾಗಿ ಕಟ್ಟಿದ ಸಂಘ ಇಪ್ಪತ್ತೈದು ವರ್ಷ ಬಾಗಿಲು ಹಾಕದೆ ನಡೆದು ಬಂದಿದೆ ಅಂದರೆ ಅದು ಸಣ್ಣ ಮಾತಲ್ಲ. ಉಣ್ಣೆಯ ಬಗ್ಗೆ ನಿಮ್ಮೆದುರು ಮಾತನಾಡುವುದು ತಾಯಿಯ ಮುಂದೆ ತವರಿನ ವರ್ಣನೆ ಮಾಡಿದ ಹಾಗೆ. ಆದ್ದರಿಂದ ನಿಮಗೆ ಗೊತ್ತಿರುವುದನ್ನು ಬಿಟ್ಟು, ಹೊಸದಾದ ಒಂದು ಕೈಕೆಲಸದ ಬಗ್ಗೆ ಮಾತ್ರ ಎರಡು ಮಾತು ಹೇಳುತ್ತೇನೆ.

ಉಣ್ಣೆಯ ಇವತ್ತಿನ ಸ್ಥಿತಿ ನಿಮಗೇ ಗೊತ್ತು. ಕತ್ತರಿಸುವವರ ಕೂಲಿಯೂ ಹುಟ್ಟುವುದಿಲ್ಲ ಅಂತ ಎಷ್ಟೋ ಜನ ಕತ್ತರಿಸಿದ ಉಣ್ಣೆಯನ್ನು ಹೊಲದ ಬದುವಿನಲ್ಲೇ ಬಿಟ್ಟು ಬರುತ್ತಾರೆ. ಉಣ್ಣೆಯೇ ಬೇಡ, ಮಾಂಸ ಸಾಕು ಅಂತ ಉಣ್ಣೆಯಿಲ್ಲದ ತಳಿಗಳನ್ನು ಹಟ್ಟಿಗೆ ತಂದವರೂ ಇದ್ದಾರೆ. ಇದರಲ್ಲಿ ತಪ್ಪು ಹುಡುಕುವಂತಿಲ್ಲ, ಹೊಟ್ಟೆಪಾಡು. ಆದರೆ ಉಣ್ಣೆಯ ಜೊತೆಗೆ ಅದನ್ನು ತೊಳೆದು, ಹಿಂಜಿ, ಹದ ಮಾಡುವ ವಿದ್ಯೆಯೂ ಹೋಗುತ್ತಿದೆ. ಆ ವಿದ್ಯೆ ಇನ್ನೂ ನಮ್ಮ ಅಜ್ಜಿಯರ ಕೈಯಲ್ಲಿದೆ. ನಾನು ಇವತ್ತು ಹೇಳುವ ಕೆಲಸದಲ್ಲಿ ಸೂಜಿಯ ಪಾತ್ರ ಚಿಕ್ಕದು, ಹಿಂಜುವ ಕೈಯ ಪಾತ್ರ ದೊಡ್ಡದು. ಇದೊಂದು ಮಾತು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭ.

ಏನಿದು ಫೆಲ್ಟ್?

ನೂಲದೆ, ನೇಯದೆ, ಉಣ್ಣೆಯ ಎಳೆಗಳನ್ನೇ ಒಂದಕ್ಕೊಂದು ಸಿಕ್ಕಿಸಿ ಗಟ್ಟಿ ಮಾಡಿದರೆ ಅದಕ್ಕೆ ಫೆಲ್ಟ್ ಅಂತಾರೆ. ಇದೇನೂ ನಿನ್ನೆ ಮೊನ್ನೆಯದಲ್ಲ. ಸೈಬೀರಿಯಾದ ಅಲ್ತಾಯ್ ಬೆಟ್ಟಗಳ ಪಝಿರಿಕ್ ಎಂಬಲ್ಲಿ, ಹಿಮದಲ್ಲಿ ಹುದುಗಿದ್ದ ಸಮಾಧಿಗಳೊಳಗೆ ಎರಡು ಸಾವಿರ ವರ್ಷಕ್ಕೂ ಹಳೆಯ ಫೆಲ್ಟ್ ವಸ್ತುಗಳು ಸಿಕ್ಕಿವೆ. ನಮ್ಮ ದೇಶದಲ್ಲಿ ಕಾಶ್ಮೀರದ ನಮ್ದಾ, ರಾಜಸ್ಥಾನದ ಟೋಂಕ್ ಊರಿನ ನಮ್ದಾ ಹೆಸರುವಾಸಿ. ಅದು ಬಿಸಿನೀರು, ಸೋಪು ಹಾಕಿ ಉರುಳಿಸಿ ಒತ್ತಿ ಮಾಡುವ ಹಸಿ ವಿಧಾನ.

ಉಣ್ಣೆ ಹೀಗೆ ಯಾಕೆ ಹೆಣೆದುಕೊಳ್ಳುತ್ತದೆ? ಉಣ್ಣೆಯ ಎಳೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮನೆಯ ಮೇಲೆ ಹೊದಿಸಿದ ಹೆಂಚಿನ ಹಾಗೆ ಒಂದರ ಮೇಲೊಂದು ಹುರುಪೆಗಳು ಕಾಣುತ್ತವೆ. ಎಳೆಗಳು ಅಲುಗಾಡಿದಾಗ ಈ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಹಿಂದಕ್ಕೆ ಬರದ ಹಾಗೆ ಹಿಡಿದುಕೊಳ್ಳುತ್ತವೆ. ಮಳೆಯಲ್ಲಿ ನೆನೆದು, ಒಣಗಿ, ಹೊದ್ದು ಹಳತಾದ ಕಂಬಳಿ ಹೊಸ ಕಂಬಳಿಗಿಂತ ಬಿಗಿಯಾಗಿರುತ್ತದಲ್ಲ, ಅದರ ಗುಟ್ಟು ಇದೇ. ಅಂದರೆ ಫೆಲ್ಟ್ ಎಂಬ ಹೆಸರು ಹೊಸದಿರಬಹುದು, ಅನುಭವ ನಮ್ಮದೇ.

ಒಣ ವಿಧಾನದಲ್ಲಿ ನೀರೂ ಇಲ್ಲ, ಸೋಪೂ ಇಲ್ಲ. ಕಚ್ಚುಗಳಿರುವ ಸೂಜಿಯಿಂದ ಉಣ್ಣೆಯನ್ನು ಚುಚ್ಚುತ್ತಾ ಹೋಗುವುದು. ಇದನ್ನೇ ನೀಡಲ್ ಫೆಲ್ಟಿಂಗ್ ಅನ್ನುತ್ತಾರೆ. ಮೊದಲು ಈ ಸೂಜಿಗಳು ಕಾರ್ಖಾನೆಯ ಯಂತ್ರಗಳಲ್ಲಿ ಮಾತ್ರ ಇದ್ದವು. ಸಾವಿರಾರು ಸೂಜಿ ಜೋಡಿಸಿದ ಹಲಗೆ ಮೇಲೆ ಕೆಳಗೆ ಆಡುತ್ತಾ ಎಳೆಗಳನ್ನು ಹಾಸು ಮಾಡುತ್ತಿತ್ತು. 1980ರ ದಶಕದಲ್ಲಿ ಅಮೆರಿಕದ ಎಲೀನರ್ ಮತ್ತು ಡೇವಿಡ್ ಸ್ಟ್ಯಾನ್‌ವುಡ್ ದಂಪತಿ ಅಂಥ ಯಂತ್ರದ ಸೂಜಿಯನ್ನು ಕೈಯಲ್ಲಿ ಹಿಡಿದು ಕೆಲಸ ಮಾಡಿ ತೋರಿಸಿದರು. ಅಲ್ಲಿಂದ ಇದು ಮನೆಯ ಕೈಕೆಲಸವಾಯಿತು.

ಬೇಕಾಗುವ ಸಾಮಾನು

ಸಾಮಾನು ಮೂರೇ: ಸೂಜಿ, ಮೆತ್ತೆ, ಉಣ್ಣೆ.

ಸೂಜಿ: ಇದು ಬಟ್ಟೆ ಹೊಲಿಯುವ ಸೂಜಿಯಲ್ಲ. ದಾರ ಪೋಣಿಸುವ ಕಣ್ಣು ಇರುವುದಿಲ್ಲ. ಸುಮಾರು 3 ಅಂಗುಲ ಉದ್ದ, ಮೇಲ್ತುದಿ ಬಾಗಿರುತ್ತದೆ, ಕೆಳಗೆ ಮೊನೆಯ ಹತ್ತಿರ ಅಂಚಿನಲ್ಲಿ ಸಣ್ಣ ಸಣ್ಣ ಕಚ್ಚುಗಳಿರುತ್ತವೆ. ಮೀನಿನ ಗಾಳ ಹೊರಗೆ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಈ ಸೂಜಿಯದು ಅದಕ್ಕೆ ತಿರುಗುಮುರುಗು: ಒಳಗೆ ಹೋಗುವಾಗ ಎಳೆಗಳನ್ನು ತಳ್ಳಿಕೊಂಡು ಹೋಗುತ್ತದೆ, ಹೊರಗೆ ಬರುವಾಗ ಅಲ್ಲೇ ಬಿಟ್ಟು ಬರುತ್ತದೆ. ಸೂಜಿಗೆ ನಂಬರು ಇರುತ್ತದೆ. ನಂಬರು ಹೆಚ್ಚಾದಷ್ಟೂ ಸೂಜಿ ಸಣ್ಣ. ಆಕಾರ ತರಲು 36, ಎಲ್ಲಾ ಕೆಲಸಕ್ಕೂ 38, ಕೊನೆಯ ನಯಗಾರಿಕೆಗೆ 40. ಕಲಿಯುವವರು 38ನೇ ನಂಬರಿನ ನಾಲ್ಕಾರು ಸೂಜಿ, 40ರ ಎರಡು ಸೂಜಿ ಇಟ್ಟುಕೊಂಡರೆ ಸಾಕು. ಸೂಜಿ ಮುರಿಯುವುದು ಸಹಜ, ಒಂದನ್ನೇ ನಂಬಿ ಕೂರಬೇಡಿ.

ಮೆತ್ತೆ: ಚುಚ್ಚುವಾಗ ಸೂಜಿಯ ಮೊನೆ ಕೆಳಗೆ ನೆಲಕ್ಕೋ ತೊಡೆಗೋ ತಾಗಬಾರದು. 2 ಅಂಗುಲ ದಪ್ಪದ ಗಟ್ಟಿ ಸ್ಪಂಜು ಆಗುತ್ತದೆ. ಅದಕ್ಕಿಂತ ಬಾಳಿಕೆ ಬರುವುದು ಗೋಣಿತಟ್ಟಿನ ಚೀಲಕ್ಕೆ ಅಕ್ಕಿ ತುಂಬಿ ಬಾಯಿ ಹೊಲಿದ ಮೆತ್ತೆ. ಒತ್ತಾಗಿ ನೇಯ್ದ ಗೋಣಿಯನ್ನೇ ಆರಿಸಿ, ಅಕ್ಕಿ ಬಿಗಿಯಾಗಿ ತುಂಬಿ. ಮನೆಯಲ್ಲೇ ಮಾಡಿಕೊಳ್ಳಬಹುದು, ದುಡ್ಡು ಕೊಡಬೇಕಾಗಿಲ್ಲ.

ಉಣ್ಣೆ: ಪುಸ್ತಕಗಳಲ್ಲಿ ಮೆರಿನೋ ಉಣ್ಣೆ ತನ್ನಿ ಅಂತ ಬರೆದಿರುತ್ತಾರೆ. ಮೆರಿನೋ ಎಳೆ ಬಹಳ ತೆಳು, 24 ಮೈಕ್ರಾನಿಗಿಂತ ಕಡಿಮೆ. ನಮ್ಮ ದಖ್ಖನಿ, ಬಳ್ಳಾರಿ ಕುರಿಗಳ ಉಣ್ಣೆ ಅದಕ್ಕಿಂತ ಬಹಳ ಒರಟು, ನಡುನಡುವೆ ಕೂದಲೂ ಇರುತ್ತದೆ. ಹಾಗಂತ ಕೆಲಸಕ್ಕೆ ಬಾರದ್ದಲ್ಲ. ಒರಟು ಉಣ್ಣೆ ಸೂಜಿಗೆ ಬೇಗ ಬಿಗಿಯಾಗುತ್ತದೆ, ಆಕಾರ ನಿಲ್ಲುತ್ತದೆ. ಮೆರಿನೋವನ್ನು ಒಳಗೆ ತುಂಬಿದರೆ ಗಟ್ಟಿಯಾಗಲು ಹೊತ್ತು ಹಿಡಿಯುತ್ತದೆ. ಆದ್ದರಿಂದ ಒಳಗಿನ ತಿರುಳಿಗೆ ನಮ್ಮ ಕುರಿಯ ಉಣ್ಣೆ, ಮೇಲಿನ ತೆಳು ಹೊದಿಕೆಗೆ ಮೃದುವಾದ ಉಣ್ಣೆ. ಮರಿಗಳಿಗೆ ಮೊದಲ ಸಲ ಕತ್ತರಿ ಹಾಕಿದಾಗ ಬರುವ ಉಣ್ಣೆಯೇ ನಮ್ಮಲ್ಲಿ ಎಲ್ಲಕ್ಕಿಂತ ಮೃದು. ಅದನ್ನು ದೊಡ್ಡ ಕುರಿಯ ಉಣ್ಣೆಯ ಜೊತೆ ಬೆರೆಸದೆ ಬೇರೆ ಚೀಲದಲ್ಲಿ ಇಡುವ ಪದ್ಧತಿಯನ್ನು ಇವತ್ತಿನಿಂದಲೇ ಶುರು ಮಾಡಿ. ಕರಿ, ಬಿಳಿ, ಕಂದು ಬಣ್ಣಗಳನ್ನೂ ಹಾಗೆಯೇ ಬೇರೆ ಮಾಡಿ.

ಉಣ್ಣೆ ಹದ ಮಾಡುವುದು

ಕತ್ತರಿಸುವ ಮುಂಚೆ ಕುರಿಗಳನ್ನು ಕೆರೆಯಲ್ಲೋ ಹಳ್ಳದಲ್ಲೋ ಈಜಾಡಿಸಿ ತೊಳೆಯುವುದು ಹಿರಿಯರ ರೂಢಿ. ಅದನ್ನು ಬಿಡಬೇಡಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಆಮೇಲೆ ಉಣ್ಣೆಯಲ್ಲಿರುವ ಉತ್ತರಾಣಿ ಮುಳ್ಳು, ಒಣಹುಲ್ಲು, ಹಿಕ್ಕೆ ಎಲ್ಲವನ್ನೂ ಕೈಯಿಂದ ಆರಿಸಿ ತೆಗೆಯಬೇಕು. ಒಂದು ಮುಳ್ಳು ಉಳಿದರೂ ಸೂಜಿ ಅದಕ್ಕೆ ತಾಗಿ ಮುರಿಯಬಹುದು.

ತೊಳೆಯುವಾಗ ಚೆನ್ನಾಗಿ ಬಿಸಿಯಾದ ನೀರಿಗೆ ಅಂಟುವಾಳ ಕಾಯಿಯ ನೊರೆಯನ್ನೋ ಸೌಮ್ಯವಾದ ಸೋಪಿನ ನೀರನ್ನೋ ಬೆರೆಸಿ, ಉಣ್ಣೆಯನ್ನು ಮೆಲ್ಲಗೆ ಅದುಮಿ ಮುಳುಗಿಸಿ ಅರ್ಧ ಗಂಟೆ ಬಿಡಿ. ಉಣ್ಣೆಯ ಜಿಡ್ಡು ತಣ್ಣೀರಿಗೆ ಬಿಡುವುದಿಲ್ಲ. ಬಟ್ಟೆ ಒಗೆಯುವ ಹಾಗೆ ಉಜ್ಜಬೇಡಿ, ಹಿಂಡಿ ತಿರುಚಬೇಡಿ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಬಕೆಟಿನಲ್ಲೇ ಉಣ್ಣೆ ಗಂಟು ಕಟ್ಟುತ್ತದೆ. ಜಾಲಿಸುವ ನೀರೂ ಹೆಚ್ಚುಕಡಿಮೆ ಅಷ್ಟೇ ಬಿಸಿ ಇರಲಿ. ವಾಷಿಂಗ್ ಸೋಡಾ ಬೇಡ, ಅದು ಎಳೆಯನ್ನು ತಿನ್ನುತ್ತದೆ. ನೀರು ತಿಳಿಯಾಗುವ ತನಕ ಎರಡು ಮೂರು ಸಲ ಜಾಲಿಸಿ, ನೆರಳಿನಲ್ಲಿ ಹಗ್ಗದ ಮಂಚದ ಮೇಲೆ ಹರಡಿ ಪೂರ್ತಿ ಒಣಗಿಸಿ.

ಇನ್ನು ಹಿಂಜುವುದು. ಇಲ್ಲಿ ನಾನು ನಿಮಗೆ ಪಾಠ ಹೇಳುವಂತಿಲ್ಲ. ಕೈಯಿಂದ ಬಿಡಿಸಿ, ಬಿಲ್ಲಿನಿಂದ ಹಿಂಜಿ, ಹಂಜಿ ಮಾಡಿ ನೂಲುತ್ತಿದ್ದ ಅಜ್ಜಿಯರು ಈ ಸಭೆಯಲ್ಲೇ ಕೂತಿದ್ದಾರೆ. ಸೊಸೆಯಂದಿರು, ಮೊಮ್ಮಕ್ಕಳು ಅವರ ಹತ್ತಿರ ಕೂತು ಕಲಿಯಿರಿ. ಬಿಲ್ಲು ಇಲ್ಲದವರು ನಾಯಿಯ ಕೂದಲು ಬಾಚುವ ತಂತಿ ಬ್ರಷ್ ಎರಡು ತಂದು, ನಡುವೆ ಉಣ್ಣೆ ಇಟ್ಟು ಬಾಚಿದರೂ ನಡೆಯುತ್ತದೆ. ಫೆಲ್ಟ್ ಕೆಲಸಕ್ಕೆ ನೂಲಿನ ಹಾಗೆ ಎಳೆಗಳೆಲ್ಲ ಒಂದೇ ದಿಕ್ಕಿಗೆ ಇರಬೇಕಾಗಿಲ್ಲ. ಅಡ್ಡಾದಿಡ್ಡಿಯಾಗಿ ಮೋಡದ ಹಾಗೆ ಇದ್ದರೇ ಒಳ್ಳೆಯದು, ಬೇಗ ಹೆಣೆದುಕೊಳ್ಳುತ್ತದೆ. ನೂಲಲು ಬಾರದ ಗಿಡ್ಡ ಎಳೆಯೂ ಇಲ್ಲಿ ಒಳಗಿನ ತಿರುಳಿಗೆ ಬಳಕೆಗೆ ಬರುತ್ತದೆ.

ಕೆಲಸದ ಕ್ರಮ

ಮೊದಲ ಪಾಠ ಚೆಂಡು. ಸುಮಾರು 5 ಗ್ರಾಂ ಹಿಂಜಿದ ಉಣ್ಣೆ ತೆಗೆದುಕೊಳ್ಳಿ. ನೋಡಲು ಬಹಳ ಅನ್ನಿಸುತ್ತದೆ, ಗಟ್ಟಿಯಾದ ಮೇಲೆ ನಿಂಬೆಹಣ್ಣಿನಷ್ಟೇ ಆಗುತ್ತದೆ. ಚಾಪೆ ಸುತ್ತುವ ಹಾಗೆ ಬಿಗಿಯಾಗಿ ಸುತ್ತಿ, ಬದಿಗಳನ್ನು ಒಳಗೆ ಮಡಚಿ ಮೆತ್ತೆಯ ಮೇಲಿಟ್ಟು ಚುಚ್ಚಲು ಶುರು ಮಾಡಿ. ಮೊದಮೊದಲು ನಡುವಿನ ತನಕ ಆಳವಾಗಿ ಚುಚ್ಚಬೇಕು. ಆಕಾರ ಬಂದ ಮೇಲೆ ಮೇಲುಮೇಲೆ, ಹತ್ತಿರ ಹತ್ತಿರ ಚುಚ್ಚಬೇಕು. ಒಂದೇ ಕಡೆ ಚುಚ್ಚುತ್ತಾ ಕೂತರೆ ಅಲ್ಲಿ ಗುಳಿ ಬೀಳುತ್ತದೆ, ಅದಕ್ಕೇ ಆಗಾಗ ತಿರುಗಿಸುತ್ತಿರಿ. ಹಾಗೆ ಮಾಡದಿದ್ದರೆ ಉಣ್ಣೆ ಮೆತ್ತೆಗೂ ಹಿಡಿದುಕೊಳ್ಳುತ್ತದೆ. ಬೆರಳಲ್ಲಿ ಅದುಮಿದರೆ ಬಲಿತ ನಿಂಬೆಹಣ್ಣಿನ ಹಾಗೆ ಸ್ವಲ್ಪ ತಗ್ಗಿ ಮತ್ತೆ ಏಳಬೇಕು. ಬನ್ನಿನ ಹಾಗೆ ಮೆತ್ತಗಿದ್ದರೆ ಕೆಲಸ ಇನ್ನೂ ಬಾಕಿ ಅಂತ ತಿಳಿಯಿರಿ. ಬಹಳ ಜನ ಇಲ್ಲೇ ಅವಸರ ಮಾಡುತ್ತಾರೆ. ಮೆತ್ತಗಿರುವ ಗೊಂಬೆ ನಾಲ್ಕು ದಿನದಲ್ಲಿ ಆಕಾರ ಕಳೆದುಕೊಳ್ಳುತ್ತದೆ, ಕೊಂಡವರು ಎರಡನೇ ಸಲ ಬರುವುದಿಲ್ಲ.

ಸೂಜಿ ಯಾವ ಕೋನದಲ್ಲಿ ಒಳಗೆ ಹೋಯಿತೋ ಅದೇ ಕೋನದಲ್ಲಿ ಹೊರಗೆ ಬರಬೇಕು. ಒಳಗಿರುವಾಗ ತಿರುಚಿದರೆ, ಮೀಟಿದರೆ ಮುರಿಯುತ್ತದೆ. ಮುರಿದ ಮೊನೆಯನ್ನು ಹುಡುಕಿ ತೆಗೆಯದೆ ಆ ವಸ್ತುವನ್ನು ಯಾರ ಕೈಗೂ ಕೊಡಬೇಡಿ. ಹಿಡಿದ ಬೆರಳುಗಳು ಸೂಜಿಯ ದಾರಿಯಲ್ಲಿ ಇರಬಾರದು. ಟಿವಿ ನೋಡುತ್ತಾ ಮಾಡುವ ಕೆಲಸ ಇದಲ್ಲ. ಚುಚ್ಚಿಕೊಂಡರೆ ಸೋಪು ಹಾಕಿ ತೊಳೆಯಿರಿ, ಧನುರ್ವಾಯು ಚುಚ್ಚುಮದ್ದು ಆಗಿದೆಯೇ ನೋಡಿಕೊಳ್ಳಿ. ಚಿಕ್ಕ ಮಕ್ಕಳ ಕೈಗೆ ಸೂಜಿ ಸಿಗದ ಹಾಗೆ ಡಬ್ಬಿಯಲ್ಲಿಡಿ.

ಎರಡನೇ ಪಾಠ ಚಪ್ಪಟೆ ಕೆಲಸ. ಕಿವಿ, ಎಲೆ, ಹೂವಿನ ಎಸಳು ಇದರಲ್ಲಿ ಬರುತ್ತವೆ. ತೆಳುವಾಗಿ ಹರಡಿ ಚುಚ್ಚಿ, ಎತ್ತಿ ಮಗುಚಿ ಇನ್ನೊಂದು ಬದಿ ಚುಚ್ಚಿ. ಅಂಚನ್ನು ಒಳಗೆ ಮಡಚಿ ಮೆಲ್ಲಗೆ ಚುಚ್ಚಿದರೆ ದುಂಡಗಾಗುತ್ತದೆ.

ಮೂರನೇ ಪಾಠ ನಮ್ಮದೇ ಕುರಿ. ಕೋಳಿಮೊಟ್ಟೆಯ ಆಕಾರದ ಮೈ, ಚಿಕ್ಕದೊಂದು ತಲೆ, ನಾಲ್ಕು ಕಾಲು, ಎರಡು ಜೋಲು ಕಿವಿ ಬೇರೆ ಬೇರೆ ಮಾಡಿ. ಕಾಲು, ಕಿವಿ, ಕತ್ತಿನ ಒಂದು ತುದಿಯನ್ನು ಚುಚ್ಚದೆ ಬಿಡಿಯಾಗಿ ಬಿಟ್ಟಿರಬೇಕು. ಆ ಬಿಡಿ ಎಳೆಗಳನ್ನು ಮೈಮೇಲೆ ಹರಡಿ ಸುತ್ತಲೂ ಆಳವಾಗಿ ಚುಚ್ಚಿದರೆ ಬೆಸುಗೆ ಹಾಕಿದ ಹಾಗೆ ಕೂರುತ್ತದೆ. ಅಂಟು ಬೇಡ. ಉಣ್ಣೆ ಸೇರಿಸುವುದು ಸುಲಭ, ತೆಗೆಯುವುದು ಕಷ್ಟ. ಅದಕ್ಕೇ ಎಲ್ಲಾ ಭಾಗವನ್ನೂ ಸ್ವಲ್ಪ ಸಣ್ಣದಾಗಿಯೇ ಮಾಡಿ ಆಮೇಲೆ ತುಂಬಿಕೊಂಡು ಹೋಗಿ. ಕೊನೆಗೆ ಮರಿ ಉಣ್ಣೆಯ ತೆಳು ಪದರ ಹೊದಿಸಿ 40ರ ಸೂಜಿಯಿಂದ ಮೇಲುಮೇಲೆ ಚುಚ್ಚಿದರೆ ಚುಚ್ಚಿದ ಗುರುತು ಮುಚ್ಚುತ್ತದೆ. ಎದ್ದು ನಿಂತ ಕೂದಲನ್ನು ಕತ್ತರಿಯಿಂದ ಸವರಿ. ನಮ್ಮ ಒರಟು ಉಣ್ಣೆ ಬೇರೆ ಗೊಂಬೆಗಳಿಗೆ ಕೊಂಚ ದೋಷ ಅನ್ನಿಸಬಹುದು, ಆದರೆ ಕುರಿಯ ಗೊಂಬೆಗೆ ಅದೇ ಶೋಭೆ.

ತಯಾರಾದ ವಸ್ತುಗಳಿಗೂ ಉಳಿದ ಉಣ್ಣೆಗೂ ನುಸಿ ಹುಳ ಬೀಳದಂತೆ ನೋಡಿಕೊಳ್ಳಬೇಕು. ಬೇವಿನ ಸೊಪ್ಪು ಇಡುವ ರೂಢಿ ಇದೆ, ಇಡಿ. ಆದರೆ ಜಿಡ್ಡು, ಕೊಳೆ ಇಲ್ಲದೆ ತೊಳೆದು ಒಣಗಿಸಿ, ಬಿಗಿ ಮುಚ್ಚಳದ ಡಬ್ಬದಲ್ಲಿ ಇಡುವುದೇ ಮುಖ್ಯ.

ಲೆಕ್ಕದ ಮಾತು

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆಗೆ ಬರುತ್ತೇನೆ. ಇದರಿಂದ ನಮ್ಮ ಉಣ್ಣೆಯೆಲ್ಲ ಖರ್ಚಾಗುತ್ತದೆಯೇ? ಆಗುವುದಿಲ್ಲ. ಒಂದು ಕುರಿ ಗೊಂಬೆಗೆ 10ರಿಂದ 15 ಗ್ರಾಂ ಉಣ್ಣೆ ಹಿಡಿದರೆ, ಒಂದು ಕೆಜಿ ಉಣ್ಣೆಯಲ್ಲಿ 65ರಿಂದ 100 ಗೊಂಬೆ ಆಗುತ್ತವೆ. ರಾಶಿ ಉಣ್ಣೆ ಕರಗಬೇಕಾದರೆ ಕಂಬಳಿ, ನಮ್ದಾದಂಥ ಹಾಸು, ಹಾಸಿಗೆಯ ತುಂಬುಗೆ ಇವೇ ಬೇಕು. ಈ ಕೆಲಸದಲ್ಲಿ ಉಣ್ಣೆ ಕಡಿಮೆ, ದುಡಿಮೆ ಹೆಚ್ಚು. ಮಾರುವ ಬೆಲೆಯಲ್ಲಿ ಬಹುಪಾಲು ಕೈಯ ಕೂಲಿಯೇ ಆಗಬೇಕು. ಆದ್ದರಿಂದ ಒಂದು ಗೊಂಬೆಗೆ ಎಷ್ಟು ಗಂಟೆ ಹಿಡಿಯಿತು ಅಂತ ಬರೆದಿಡಿ. ಹೊಲದ ಕೂಲಿಗಿಂತ ಕಡಿಮೆ ಬೀಳುವ ಬೆಲೆಗೆ ಒಪ್ಪಬೇಡಿ.

ಹಾಗೆಯೇ ಮೊದಲ ವರ್ಷವೇ ಸಾಲ ಮಾಡಿ ಯಂತ್ರ ತರುವ ಆತುರ ಬೇಡ. ಸೂಜಿಗಳನ್ನು ಸಂಘದ ಮೂಲಕ ಒಟ್ಟಿಗೆ ತರಿಸಿದರೆ ಕಡಿಮೆ ಬೀಳುತ್ತದೆ. ಉಣ್ಣೆಯನ್ನು ಬಣ್ಣದ ಪ್ರಕಾರ, ಮೃದುತ್ವದ ಪ್ರಕಾರ ಬೇರೆ ಮಾಡಿ ತೂಕಕ್ಕೆ ಕೊಳ್ಳುವ, ಒಂದೇ ಕಡೆ ತೊಳೆಯುವ ಏರ್ಪಾಡನ್ನು ಸಂಘ ಮಾಡಬಹುದು. ಚೆನ್ನಾಗಿ ಆರಿಸಿದ ಉಣ್ಣೆಗೆ ಎರಡು ರೂಪಾಯಿ ಹೆಚ್ಚು ಸಿಗುತ್ತದೆ ಅಂತ ಗೊತ್ತಾದರೆ ಯಾರೂ ಬದುವಿನ ಮೇಲೆ ಬಿಟ್ಟು ಬರುವುದಿಲ್ಲ. ನುಣುಪಾದ ಉಣ್ಣೆಯೇ ಬೇಕಾದ ದಿನ ಬಂದರೆ ದೂರ ನೋಡಬೇಕಾಗಿಲ್ಲ. ಪಕ್ಕದ ತಮಿಳುನಾಡಿನ ಕೊಡೈಕೆನಾಲ್ ಬೆಟ್ಟದ ಮನ್ನವನೂರಿನಲ್ಲಿ, ರಾಜಸ್ಥಾನದ ಅವಿಕಾನಗರದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಗೆ ಸೇರಿದ ಕೇಂದ್ರದಲ್ಲಿ, ಭಾರತ್ ಮೆರಿನೋ ಎಂಬ ತೆಳು ಉಣ್ಣೆಯ ಕುರಿಗಳನ್ನೇ ಸಾಕುತ್ತಾರೆ. ಅಲ್ಲಿಗೆ ಒಮ್ಮೆ ನಾಲ್ಕು ಜನ ಸದಸ್ಯೆಯರನ್ನು ಕಳಿಸಿ ನೋಡಿಕೊಂಡು ಬರಲು ಆಡಳಿತ ಮಂಡಳಿ ಯೋಚಿಸಲಿ ಎಂದು ವಿನಂತಿಸುತ್ತೇನೆ.

ತಾಯಂದಿರೆ, ಸೂಜಿ ಹಿಡಿಯುವುದನ್ನು ಮೂರು ದಿನದಲ್ಲಿ ಯಾರಾದರೂ ಕಲಿಸಬಹುದು. ಉಣ್ಣೆಯನ್ನು ಮುಟ್ಟಿದ ಕೂಡಲೇ ಇದು ಯಾವ ಕುರಿಯದು, ಯಾವ ಕಾಲದಲ್ಲಿ ಕತ್ತರಿಸಿದ್ದು ಅಂತ ಹೇಳುವ ಕೈಯನ್ನು ಯಾವ ತರಬೇತಿಯೂ ಮೂರು ದಿನದಲ್ಲಿ ಕೊಡಲಾರದು. ಆ ಕೈ ನಿಮ್ಮ ಮನೆಗಳಲ್ಲಿದೆ. ಅದನ್ನು ಹುಡುಗಿಯರಿಗೂ ಹುಡುಗರಿಗೂ ದಾಟಿಸಿ.