ಕರಾವಳಿ ಎಂಬ ಮಾತು
(ಉಪಾಧ್ಯಾಯರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಮಾತಿನ ಅರ್ಥವನ್ನು ತೂಗಿ ನೋಡುವುದು ವಕೀಲನ ಕಸುಬು. ದಸ್ತಾವೇಜಿನ ಒಂದು ಶಬ್ದದ ಅರ್ಥವು ಕಿರಿದಾದರೆ ಒಕ್ಕಲಿನವನ ಗದ್ದೆಯೇ ಕಿರಿದಾಗುವುದುಂಟು. ನಾಡಿನ ವಿಷಯದಲ್ಲಿಯೂ ಇದು ನಿಜ. ಆದುದರಿಂದ “ಕರಾವಳಿ” ಎಂಬ ಒಂದೇ ಮಾತನ್ನು ಈ ಹೊತ್ತು ತಮ್ಮ ವಿಚಾರಕ್ಕೆ ತರುತ್ತೇನೆ.

ಕರೆ ಎಂದರೆ ದಡ, ಅಂಚು. ಪಂಚೆಯ ಅಂಚಿಗೂ ಕರೆಯೆನ್ನುವರು; ಕಂಬಳದ ಕೋಣಗಳು ಓಡುವ ಕೆಸರಿನ ಪಟ್ಟಿಯೂ ಕರೆಯೇ. ಆವಳಿ ಎಂದರೆ ಸಾಲು, ದೀಪಾವಳಿಯಲ್ಲಿರುವುದೂ ಅದೇ. ಎರಡನ್ನೂ ಕೂಡಿಸಿದರೆ ದಡಗಳ ಸಾಲೆಂದಾಗುವುದು. ಈ ಅರ್ಥವು ನಮ್ಮ ನೆಲಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ನೇತ್ರಾವತಿ: ಒಂದೊಂದು ಹೊಳೆಯ ಅಳಿವೆಯೂ ದಡವನ್ನು ಕಡಿಯುವುದು, ಆಚೆಗೆ ಮತ್ತೊಂದು ದಡ ಮೊದಲಾಗುವುದು.

ಆದರೆ ಜನರ ಬಾಯಲ್ಲಿ ಈ ಮಾತು ಮರಳಿನ ಅಂಚಿಗೆ ನಿಲ್ಲಲಿಲ್ಲ. ಘಟ್ಟದ ಬುಡದವರೆಗೂ ಏರಿತು. ಪುತ್ತೂರು, ಕಾರ್ಕಳಗಳಲ್ಲಿ ತೆರೆಯ ಸದ್ದು ಕೇಳಿಸದು; ಆದರೂ ಅಲ್ಲಿಯವರು ಕರಾವಳಿಯವರೇ. ಶಿರಸಿ, ಸಿದ್ದಾಪುರಗಳು ಕಾರವಾರದ ಜಿಲ್ಲೆಗೇ ಸೇರಿದ್ದರೂ ಘಟ್ಟದ ಮೇಲಿರುವುದರಿಂದ ಕರಾವಳಿಯೆನಿಸವು. ಈ ಮಾತು ಕಚೇರಿಯ ಗೆರೆಯನ್ನು ಲೆಕ್ಕಿಸದೆ ನೆಲವನ್ನೇ ಅನುಸರಿಸಿತೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಕಚೇರಿಯ ಗೆರೆಗಳಾದರೋ ಎಷ್ಟು ಸಲ ಬದಲಾದವು! 1799ರಲ್ಲಿ ಟಿಪ್ಪು ಮಡಿದ ಮೇಲೆ ಈ ಸೀಮೆಯು ಕೆನರಾ ಎಂಬ ಹೆಸರಿನಿಂದ ಕಂಪನಿಯ ಕೈಸೇರಿತು. 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟು, ದಕ್ಷಿಣವನ್ನು ಮದರಾಸಿನಲ್ಲಿಯೇ ಉಳಿಸಿಕೊಂಡರು. ಒಂದೇ ಕಡಲಿನ ಮಕ್ಕಳು ಎರಡು ಪ್ರಾಂತಗಳ ಬಾಗಿಲು ಕಾಯಬೇಕಾಯಿತು. 1956ರ ನವೆಂಬರ 1ರಂದು ಅವರು ಒಂದೇ ರಾಜ್ಯದಲ್ಲಿ ಕೂಡಿದರು; ಕಾಸರಗೋಡು ಮಾತ್ರ ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿಯು ಬೇರೆ ಜಿಲ್ಲೆಯಾಯಿತು. ಇಷ್ಟಾದರೂ ಕರಾವಳಿಯೆಂಬ ಹೆಸರು ತುಂಡಾಗಲಿಲ್ಲ.

ಇಂದು ಈ ಮಾತಿಗೆ ಇನ್ನೊಂದು ಸಂಕಟ ಒದಗಿದೆ. 1991ರ ಕೇಂದ್ರ ಸರಕಾರದ ಅಧಿಸೂಚನೆಯು ಉಬ್ಬರದ ಗೆರೆಯಿಂದ ಒಳಕ್ಕೆ 500 ಮೀಟರು ಅಳೆದು ಅದನ್ನು ಕರಾವಳಿ ನಿಯಂತ್ರಣ ವಲಯವೆಂದಿತು. ಉಬ್ಬರವೇರುವ ಹೊಳೆಗಳ ದಂಡೆಗೆ ಬೇರೆ ಅಳತೆಯನ್ನಿಟ್ಟಿತು. 2011 ಮತ್ತು 2019ರಲ್ಲಿ ಹೊಸ ಅಧಿಸೂಚನೆಗಳು ಬಂದವು. ಕಾನೂನಿಗೆ ಅಳತೆಯೊಂದು ಬೇಕು. ಅದನ್ನು ನಾನು ಹಳಿಯೆನು. ಆದರೆ ಆ ಅಳತೆಯೇ ಕರಾವಳಿಯೆಂದು ನಾವು ನಂಬಿದರೆ ನಷ್ಟವು ನಮ್ಮದು.

ಅದು ಹೇಗೆಂದು ಕೇಳುವಿರಾ? ಅಘನಾಶಿನಿಯ ಅಳಿವೆಯ ಬದಿಗೆ ಗಜನಿಯೆಂಬ ಗದ್ದೆಗಳುಂಟು. ಕಟ್ಟೆ ಹಾಕಿ ಉಪ್ಪುನೀರನ್ನು ತಡೆದು, ಮಳೆಗಾಲದಲ್ಲಿ ಕಗ್ಗವೆಂಬ ಬತ್ತವನ್ನು ಬೆಳೆಯುವರು; ಕೊಯ್ಲಾದ ಮೇಲೆ ಅಲ್ಲಿಯೇ ಮೀನು, ಸಿಗಡಿ. ಈ ಹೊಳೆಗೆ ದೊಡ್ಡ ಅಣೆಕಟ್ಟಿಲ್ಲ. ಅದರ ಅಳಿವೆಯ ಚಿಪ್ಪುಗಳನ್ನು ಆಯ್ದು ಎಷ್ಟೋ ಮನೆಗಳ ಒಲೆ ಉರಿಯುತ್ತದೆ. ನೆರೆಯ ಶರಾವತಿಗೆ ಘಟ್ಟದ ಮೇಲೆ 1964ರಲ್ಲಿ ಲಿಂಗನಮಕ್ಕಿಯ ಕಟ್ಟೆಯಾಯಿತು. ವಿದ್ಯುತ್ತಿಗಾಗಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲಿಯೂ ಹರಿದುಬರುವುದರಿಂದ ಹೊನ್ನಾವರದ ಅಳಿವೆಯಲ್ಲಿ ಉಪ್ಪು ತಗ್ಗಿತು, ಚಿಪ್ಪುಗಳೂ ತಗ್ಗಿದವು. ಘಟ್ಟದ ಮೇಲೆ ಮಾಡಿದ ಕೆಲಸವು ಕಡಲ ಬಾಯಿಯವರ ಗಂಜಿಯನ್ನು ಮುಟ್ಟಿತು. 500 ಮೀಟರಿನ ಹಗ್ಗದಿಂದ ಇದನ್ನು ಅಳೆಯಬಹುದೇ?

ಉಪಾಧ್ಯಾಯರೇ, ಮಕ್ಕಳು “ಕರಾವಳಿ ಎಂದರೇನು?” ಎಂದು ಕೇಳಿದಾಗ ಸಮುದ್ರತೀರವೆಂದು ಒಂದೇ ಮಾತಿನಲ್ಲಿ ಮುಗಿಸಬೇಡಿರಿ. ನಕಾಶೆಯ ಮೇಲೆ ಘಟ್ಟದಿಂದ ಕಡಲಿಗೆ ಹೊಳೆಯ ಹಾದಿಯನ್ನು ಬೆರಳಿನಿಂದ ತೋರಿಸಿರಿ. ನಮ್ಮ ಹಿರಿಯರು ಇಷ್ಟು ಅಗಲವಾಗಿ ಬಿಟ್ಟುಹೋದ ಮಾತನ್ನು ನಾವು ಕಿರಿದುಮಾಡಿ ಮಕ್ಕಳಿಗೆ ಕೊಡಬಾರದು.