ಕಾಗದ ಎಲ್ಲಿ ನಿಂತಿತು?

 

"ಸಾರ್, ಅರ್ಜಿ ಹಾಕಿದ್ದೆ, ಏನೂ ಬರಲಿಲ್ಲ." ಈ ಮಾತನ್ನು ನಿಮ್ಮಿಂದ ಪ್ರತಿ ವರ್ಷ ಕೇಳುತ್ತೇನೆ. ಸ್ಕಾಲರ್‌ಶಿಪ್ ಇರಲಿ, ಕಾಲೇಜು ಸೀಟು ಇರಲಿ, ಬರದಿದ್ದರೆ ನಸೀಬು ಎಂದು ಸುಮ್ಮನಾಗುತ್ತೀರಿ. ಆದರೆ ತಿಪಟೂರಿನಿಂದ ಹೊರಟ ಕೊಬ್ಬರಿ ಲೋಡು ತಲುಪದಿದ್ದರೆ ಮಂಡಿಯವರು ನಸೀಬು ಎನ್ನುತ್ತಾರೆಯೇ? ಲಾರಿ ಎಲ್ಲಿಯವರೆಗೆ ಹೋಗಿತ್ತು ಎಂದು ವಿಚಾರಿಸುತ್ತಾರೆ. ಕಾಗದಕ್ಕೂ ಇ-ಮೇಲ್‌ಗೂ ಕೇಳಬೇಕಾದದ್ದು ಅದೇ ಪ್ರಶ್ನೆ.

ನಮ್ಮ ಊರಿನಿಂದಲೇ ಆರಂಭಿಸೋಣ. ಮಾಯಸಂದ್ರ ಎಂಬ ಊರು ಆನೇಕಲ್ ತಾಲ್ಲೂಕಿನ ಅತ್ತಿಬೆಲೆ ಬಳಿಯೂ ಇದೆ. ಬರೀ "ಮಾಯಸಂದ್ರ, ಕರ್ನಾಟಕ" ಎಂದು ಬರೆದರೆ ಅಂಚೆಯವರು ಯಾವ ಊರಿಗೆ ಕಳಿಸಬೇಕು? ಇದಕ್ಕೆಂದೇ 1972ರ ಆಗಸ್ಟ್ 15ರಂದು ಪಿನ್‌ಕೋಡ್ ಬಂತು. ಅದನ್ನು ರೂಪಿಸಿದವರು ಶ್ರೀರಾಮ ಭಿಕಾಜಿ ವೇಲಣಕರ್. ನಮ್ಮದು 572221, ಅವರದು 562107. ಮೊದಲ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣಗಳ ವಲಯ. 572 ಎಂದರೆ ತುಮಕೂರು ಕಡೆಯ ವಿಂಗಡಣೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಅಂಚೆ ಕಚೇರಿ. ಉರ್ದುವನ್ನು ಬಲದಿಂದ ಓದುತ್ತೇವೆ, ಕನ್ನಡವನ್ನು ಎಡದಿಂದ ಓದುತ್ತೇವೆ. ವಿಳಾಸವನ್ನು ಮಾತ್ರ ಅಂಚೆಯವರು ಕೆಳಗಿನಿಂದ ಮೇಲಕ್ಕೆ ಓದುತ್ತಾರೆ. ನಿಮ್ಮ ಹೆಸರು ಅವರಿಗೆ ಬೇಕಾಗುವುದು ಕಟ್ಟಕಡೆಗೆ.

ದಾರಿಯನ್ನು ಬರೆದಿಡುವ ವಿದ್ಯೆ ನಮಗೆ ಹೊಸದಲ್ಲ. ಅಬ್ಬಾಸಿ ಖಲೀಫರ ಕಾಲದಲ್ಲಿ, 9ನೇ ಶತಮಾನದಲ್ಲಿ, ಅಂಚೆಯ ಅಧಿಕಾರಿಯಾಗಿದ್ದ ಇಬ್ನ್ ಖುರ್ದಾದ್‌ಬಿಹ್ ದಾರಿಗಳನ್ನೂ ಅವುಗಳ ದೂರವನ್ನೂ ಕುರಿತು ಒಂದು ಕಿತಾಬನ್ನೇ ಬರೆದರು.

ಕಂಪ್ಯೂಟರಿಗೂ ಇದೇ ಸಮಸ್ಯೆ ಎದುರಾಯಿತು. ಇಂಟರ್‌ನೆಟ್ ಜನಸಾಮಾನ್ಯರಿಗೆ ಸಿಗುವ ಮೊದಲು, 1984ರಲ್ಲಿ, ಅಮೆರಿಕದ ಟಾಮ್ ಜೆನ್ನಿಂಗ್ಸ್ ಎಂಬುವರು ಫೈಡೋನೆಟ್ ಎಂಬ ಜಾಲ ಆರಂಭಿಸಿದರು. ಹವ್ಯಾಸಕ್ಕೆ ಕಂಪ್ಯೂಟರ್ ಇಟ್ಟುಕೊಂಡವರು ರಾತ್ರಿ, ಫೋನ್ ದರ ಕಡಿಮೆ ಇರುವಾಗ, ಒಂದರಿಂದ ಇನ್ನೊಂದಕ್ಕೆ ಕರೆ ಮಾಡಿಸಿ ಪತ್ರ ದಾಟಿಸುತ್ತಿದ್ದರು. ಯಂತ್ರಗಳ ಫೋನ್ ನಂಬರುಗಳ ಪಟ್ಟಿಯೊಂದು ಇತ್ತು. ಅದರಲ್ಲಿ ಒಂದು ನಂಬರ್ ತಪ್ಪಿದರೆ, ಸಂಬಂಧವೇ ಇಲ್ಲದವರ ಮನೆಯಲ್ಲಿ ನಡುರಾತ್ರಿ ಗಂಟೆ ಬಾರಿಸುತ್ತಿತ್ತು! ಯಂತ್ರಗಳು ಹೆಚ್ಚಿದಾಗ, 1985ರಲ್ಲಿ, ಪ್ರದೇಶದ ಜಾಲಕ್ಕೊಂದು ಸಂಖ್ಯೆ, ಅದರೊಳಗಿನ ಯಂತ್ರಕ್ಕೊಂದು ಸಂಖ್ಯೆ ಎಂದು ವಿಳಾಸ ಬದಲಾಯಿತು. ಆಮೇಲೆ ವಲಯ ಸಂಖ್ಯೆಯೂ ಸೇರಿತು. ಏಷ್ಯಾ ಆಗ 6ನೇ ವಲಯವಾಗಿತ್ತು. ನಮ್ಮ ಪಿನ್‌ಕೋಡಿನ ಲೆಕ್ಕವೇ ಅಲ್ಲವೇ?

ಅವರಿಂದ ಕಲಿಯಬೇಕಾದ ಇನ್ನೊಂದು ಅಭ್ಯಾಸವಿದೆ. ಪತ್ರ ಹಾದುಹೋಗುವ ಯಂತ್ರಗಳು ಅದರ ಕೊನೆಯಲ್ಲಿ "ನನ್ನ ಮೂಲಕ ಹೋಯಿತು" ಎಂದು ಸಾಲು ಸೇರಿಸುತ್ತಿದ್ದವು. ಪತ್ರ ತಡವಾದರೆ ಆ ಸಾಲುಗಳ ಸಮಯ ನೋಡಿ ಎಲ್ಲಿ ಕಾದಿತ್ತು ಎಂದು ಹೇಳಬಹುದಿತ್ತು. ಇಂದಿನ ಇ-ಮೇಲ್‌ನಲ್ಲೂ ಇದು ಉಂಟು. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು "ಶೋ ಒರಿಜಿನಲ್" ಒತ್ತಿ. "ರಿಸೀವ್ಡ್" ಎಂಬ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ, ಅಂಚೆಯವರ ಹಾಗೆ. ಸ್ಪೀಡ್ ಪೋಸ್ಟ್ ಆದರೆ ರಸೀದಿಯ 13 ಅಕ್ಷರ-ಅಂಕಿಗಳಿಂದ ಅಂಚೆ ಇಲಾಖೆಯ ತಾಣದಲ್ಲೇ ದಾರಿ ಕಾಣುತ್ತದೆ. ರಸೀದಿಯನ್ನು ದಯವಿಟ್ಟು ಎಸೆಯಬೇಡಿ.

ನೀವು ಕಳಿಸಿದ ಮೇಲ್ ವಾಪಸು ಬಂದರೆ ಅಳಿಸುವ ಮುನ್ನ ಓದಿ. "ಅಡ್ರೆಸ್ ನಾಟ್ ಫೌಂಡ್" ಎಂದಿದ್ದರೆ ವಿಳಾಸವನ್ನು ಅಕ್ಷರ ಅಕ್ಷರವಾಗಿ ನೋಡಿ: ಅಟ್ ಗುರುತಿನ ಹಿಂದೆ ತಪ್ಪಿದೆಯೋ, ಮುಂದೆಯೋ? ಇನ್‌ಬಾಕ್ಸ್ ತುಂಬಿದೆ ಎಂದಿದ್ದರೆ ವಿಳಾಸ ಸರಿಯಿದೆ. ಅವರಿಗೆ ಫೋನ್ ಮಾಡಿ. ಕೆಲವೊಮ್ಮೆ ವಾಪಸೂ ಬರುವುದಿಲ್ಲ, ಏಕೆಂದರೆ ತಪ್ಪು ವಿಳಾಸವೂ ಇನ್ಯಾರದೋ ಸರಿಯಾದ ವಿಳಾಸವಾಗಿರುತ್ತದೆ.

ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿರುವುದು ಇದು. ಅರ್ಜಿ ತುಂಬುವ ಅಂಗಡಿಯವರು ಅವಸರದಲ್ಲಿ ತಮ್ಮದೇ ಮೊಬೈಲ್ ನಂಬರ್, ತಮ್ಮದೇ ಇ-ಮೇಲ್ ಹಾಕಿಬಿಡುತ್ತಾರೆ. ಆಗ ದಾಖಲೆ ಕೇಳುವ ಸಂದೇಶ ಎಲ್ಲೂ ನಿಲ್ಲುವುದಿಲ್ಲ, ಸರಿಯಾಗಿಯೇ ತಲುಪುತ್ತದೆ, ಅಂಗಡಿಗೆ! ಮನೆಯಲ್ಲಿ ಫೋನ್ ಅಬ್ಬಾ ಅಥವಾ ಭಾಯಿಯ ಕೈಯಲ್ಲಿರುವ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವಷ್ಟರಲ್ಲಿ ಕೊನೆಯ ದಿನ ಕಳೆದಿರುತ್ತದೆ. ಇಂದೇ ಮನೆಗೆ ಹೋಗಿ ಅರ್ಜಿಯ ಪ್ರಿಂಟ್ ತೆಗೆದು ಆ ಎರಡು ಸಾಲು ನೋಡಿ. ನಿಮ್ಮದಲ್ಲದಿದ್ದರೆ ತಿದ್ದುಪಡಿಗೆ ಅವಕಾಶ ಇರುವಾಗಲೇ ಬದಲಿಸಿ. ಹೇಗೆಂದು ತಿಳಿಯದಿದ್ದರೆ ಪ್ರಿಂಟ್ ಹಿಡಿದು ಶಾಲೆಗೆ ಬನ್ನಿ, ಕೂತು ನೋಡೋಣ.